ಇಳಿದ ಮೇಲಿನ ಚಹಾ

ನನ್ನ ಗಂಡನಿಗೆ ಊಟದ ಮೇಜಿನ ಕೆಳಗೆ ಕಾಲು ಆಡಿಸುವ ಚಟ. ಮದುವೆಯಾದ ಹೊಸತರಲ್ಲಿ ಧಾರವಾಡದ ನಮ್ಮ ಅತ್ತೆ ಅದನ್ನು ಕಂಡಾಗಲೆಲ್ಲ ಬೈಯುತ್ತಿದ್ದರು. ಮಗ ಮೇಜಿನ ಕೆಳಗೆ ಹೆಲಿಕಾಪ್ಟರ್ ಇಳಿಸುತ್ತಿದ್ದಾನೆ ಎಂದು ಅವರಿಗೆ ಹೇಗೆ ತಿಳಿಯಬೇಕು? ನನಗೂ ತಿಳಿದಿರಲಿಲ್ಲ. ಒಂದು ದಿನ ನಾನೇ ರೇಗಿ, "ರೀ, ಆ ಕಾಲು ಸುಮ್ನ ಇಡ್ರಿ, ಇಲ್ಲಾಂದ್ರ ಸಾರು ಚೆಲ್ತದ" ಎಂದೆ. ಅವರು ನಗುತ್ತ ಎದ್ದು ಹೋಗಿ ನನ್ನ ಚಪ್ಪಲಿ ಎರಡನ್ನೂ ತಂದು ಮಂಚದ ಮುಂದೆ ಜೋಡಿಸಿಟ್ಟರು. ನನ್ನನ್ನು ಮಂಚದ ಅಂಚಿಗೆ ಕೂರಿಸಿ, ಚಪ್ಪಲಿಯ ಮೇಲೆ ಕಾಲಿಡಿಸಿ ಪಾಠ ಶುರು ಮಾಡಿದರು.

ಪಾಠ ಇಷ್ಟು. ತಲೆಯ ಮೇಲಿನ ದೊಡ್ಡ ರೆಕ್ಕೆ ಒಂದು ಕಡೆಗೆ ತಿರುಗಿದರೆ ಕೆಳಗಿನ ಮೈ ಅದರ ವಿರುದ್ಧ ದಿಕ್ಕಿಗೆ ತಿರುಗಲು ನೋಡುತ್ತದೆ. ಹಾಗೆ ತಿರುಗದಂತೆ ಹಿಡಿದಿಡುವುದು ಬಾಲದಲ್ಲಿರುವ ಸಣ್ಣ ಫ್ಯಾನು. ಆ ಫ್ಯಾನಿನ ಕಡಿವಾಣ ಪೈಲಟ್‌ನ ಎರಡು ಪಾದಗಳಲ್ಲಿದೆ. ಇಳಿಯುವಾಗ ನೆಲ ಹತ್ತಿರ ಬಂತೆಂದರೆ ಎಡಗೈಯ ಲಿವರನ್ನು ಮೇಲೆಳೆದು ಯಂತ್ರಕ್ಕೆ ಜೋರು ಕೊಡಬೇಕು. ಕೊಟ್ಟ ಕೂಡಲೇ ಮೂತಿ ಪಕ್ಕಕ್ಕೆ ಹೊರಳುತ್ತದೆ. ಅದು ಹೊರಳುವ ಮೊದಲೇ ಕಾಲು ಒತ್ತಿರಬೇಕು. ಅವರು ನೌಕಾಪಡೆಯಲ್ಲಿ ಹಾರಿಸುತ್ತಿದ್ದದ್ದು ಹಳೆಯ ಫ್ರೆಂಚ್ ಮಾದರಿ. ಅದರಲ್ಲಿ ಒತ್ತಬೇಕಾದದ್ದು ಬಲಗಾಲು.

"ಅಲ್ಲಿ ವಿಚಾರ ಮಾಡಾಕ ಟೈಮಿರಂಗಿಲ್ಲ. ಕಾಲಿಗೇ ಗೊತ್ತಿರಬೇಕು" ಎಂದಿದ್ದರು. ನಾನು ಅವರ ಮಾತಿನಂತೆ ಚಪ್ಪಲಿ ಒತ್ತಿದೆ. ಎರಡು ಸಲ ತಪ್ಪು ಕಾಲು ಒತ್ತಿದ್ದಕ್ಕೆ "ಸತ್ತಿ ನೀ" ಎಂದು ನಕ್ಕರು.

ಅವರ ನೌಕರಿ ಕೊಚ್ಚಿಯಲ್ಲಿ ನೆಲೆ ನಿಂತ ಮೇಲೆ ನಾನೂ ಬ್ಯಾಂಕಿನಲ್ಲಿ ಓಡಾಡಿ, ಬೇಡಿಕೊಂಡು ಎರ್ನಾಕುಲಂ ಶಾಖೆಗೆ ವರ್ಗ ಮಾಡಿಸಿಕೊಂಡೆ. ಪಾಲಾರಿವಟ್ಟದಲ್ಲಿ ಮನೆ ಮಾಡಿದೆವು. ಮಗಳು ಅಲ್ಲೇ ಬೆಳೆದಳು. ಈಗ ಪುಣೆಯಲ್ಲಿ ಓದುತ್ತಾಳೆ. ಫೋನಿನಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ಇಲ್ಲಿಯ ಜನರ ಒಂದು ಅಭ್ಯಾಸ ಮಾತ್ರ ನನಗೆ ಬಹಳ ದಿನ ತಮಾಷೆಯಾಗಿ ಕಂಡಿತ್ತು. ಎಲ್ಲರೂ ಎಲ್ಲರಿಗೂ ಸಾರ್. ಆಟೋದವನಿಗೆ ನೀವು ಸಾರ್, ಬಸ್ಸಿನ ಕಂಡಕ್ಟರು ನಿಮಗೆ ಸಾರ್, ಬ್ಯಾಂಕಿನ ಕೌಂಟರಿನಲ್ಲಿ ಸೀರೆ ಉಟ್ಟು ಕೂತ ನನ್ನನ್ನೂ ಹಳೆಯ ಪಿಂಚಣಿದಾರರು "ಸಾರೇ" ಎಂದು ಕರೆಯುತ್ತಿದ್ದರು. ಮನೆಗೆ ಬಂದು ಹೇಳಿದರೆ ಇವರು, "ಹಂಗಾರ ನಾ ಯಾರು, ಮೇಡಮ್ಮಾ?" ಎಂದು ಕಾಡುತ್ತಿದ್ದರು.

ನಿವೃತ್ತಿಯಾದ ಮೇಲೆ ತಿರುವನಂತಪುರದ ಒಂದು ಖಾಸಗಿ ಕಂಪನಿ ಇವರನ್ನು ಕರೆಯಿತು. ಶ್ರೀಮಂತರ ಮದುವೆ, ರೋಗಿಗಳ ಸಾಗಾಟ, ಚುನಾವಣೆ ಬಂದಾಗ ರಾಜಕಾರಣಿಗಳು, ಇಂಥವರನ್ನೆಲ್ಲ ಹೊತ್ತು ತಿರುಗುವ ಕೆಲಸ. ಸೋಮವಾರ ಬೆಳಿಗ್ಗೆ ರೈಲು ಹತ್ತಿದರೆ ಶನಿವಾರ ವಾಪಸು. ಅಲ್ಲಿಯ ಯಂತ್ರ ಅಮೆರಿಕದ್ದು. ಅದರ ರೆಕ್ಕೆ ತಿರುಗುವುದೇ ಉಲ್ಟಾ. ಹಾಗಾಗಿ ಇಳಿಯುವಾಗ ಒತ್ತಬೇಕಾದ ಕಾಲೂ ಉಲ್ಟಾ, ಎಡಗಾಲು.

ತರಬೇತಿಗೆ ಹೋಗುವ ಮುಂಚೆ ಮತ್ತೆ ಚಪ್ಪಲಿ ಜೋಡಿಸಿಕೊಂಡು ಕೂತರು. ಈ ಸಲ ತಾವೇ. "ಜೀವಮಾನ ಪೂರ್ತಿ ಬಲಗಾಲು ಒತ್ತಿ ಬದುಕೀನಿ. ಈ ವಯಸ್ಸಿನ್ಯಾಗ ಎಡಗಾಲಿಗೆ ಬುದ್ಧಿ ಹೇಳಬೇಕು ನೋಡು" ಎಂದರು. ಕಲಿತರು. ಕಲಿಯಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಪರೀಕ್ಷೆ ಪಾಸಾದರು, ಎರಡು ಮಳೆಗಾಲ ದಾಟಿಸಿದರು, ಒಂದು ಗೀರು ಬೀಳಲಿಲ್ಲ. ಮೇಜಿನ ಕೆಳಗೆ ಈಗ ಎಡಗಾಲು ಆಡುತ್ತಿತ್ತು. ಬೆಚ್ಚಿಬಿದ್ದಾಗ ಯಾವ ಕಾಲು ಆಡುತ್ತಿತ್ತು ಎಂದು ಈಗ ಎಷ್ಟು ನೆನಪಿಸಿಕೊಂಡರೂ ನೆನಪಾಗುವುದಿಲ್ಲ. ಅಂಥದ್ದನ್ನು ಯಾರು ನೋಡುತ್ತಾರೆ?

ಆ ಕಂಪನಿಯಲ್ಲಿ ಇವರ ಪಕ್ಕದ ಸೀಟಿಗೆ ಒಬ್ಬ ಹುಡುಗಿ ಸೇರಿದಳು. ಇಪ್ಪತ್ತೈದರ ಆಚೀಚೆ. ಕಾಸರಗೋಡಿನ ಕನ್ನಡದವರು, ತಾಯಿ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದು ನಿವೃತ್ತರಾಗಿ ತಿರುವನಂತಪುರದ ಉಳ್ಳೂರಿನಲ್ಲೇ ಮನೆ ಮಾಡಿಕೊಂಡಿದ್ದರು. ತಂದೆ ಎಂದೋ ತೀರಿಕೊಂಡಿದ್ದರು. ಒಂದು ಭಾನುವಾರ ಅವಳು ಕೊಚ್ಚಿಗೆ ಬಂದವಳು ಇವರ ಜೊತೆ ನಮ್ಮ ಮನೆಗೂ ಊಟಕ್ಕೆ ಬಂದಳು. ನಾನು ಜೋಳದ ರೊಟ್ಟಿ, ಎಣಗಾಯಿ ಮಾಡಿದ್ದೆ.

"ಆಂಟಿ, ನಂಗೆ ಕನ್ನಡ ಮನಸ್ಸಿಲಾಗ್ತದೆ, ಹೇಳ್ಲಿಕ್ಕೆ ಸರೀ ಬರೂದಿಲ್ಲ" ಎಂದಳು ಬಾಗಿಲಲ್ಲೇ. ಅರ್ಥವಾಗುತ್ತದೆ ಎಂಬುದನ್ನು ಅರ್ಧ ಮಲಯಾಳದಲ್ಲಿ ಹೇಳಿದ ಆ ವಾಕ್ಯ ಕೇಳಿಯೇ ನನಗೆ ಅವಳು ಇಷ್ಟವಾದಳು. ರೊಟ್ಟಿಯನ್ನು ಹಪ್ಪಳದಂತೆ ಮುರಿದು ತಿಂದಳು. ನಮ್ಮ ಧಾರವಾಡದ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇವರು ಅವಳನ್ನು "ಎಂತ ಮಾರಾಯ್ತಿ" ಎಂದು ಅಣಕಿಸಿದರು. ಮಾತಿಗೊಂದು ಸಲ "ಸಾರ್, ಸಾರ್" ಎನ್ನುತ್ತಿದ್ದಳು. ನೀರು ಬೇಕಿದ್ದರೂ ಮೊದಲು ಸಾರ್.

"ಮ್ಯಾಲಿದ್ದಾಗರೆ ಅದನ್ನ ಬಿಡು. ಸಾರ್ ಅನ್ನೂದ್ರಾಗ ಅರ್ಧ ಹೊತ್ತು ಹೋಗ್ತದ. ಸೀದಾ ವಿಷಯ ಹೇಳು" ಎಂದರು ಇವರು.

"ಎಂತ ಮಾಡೂದು ಸಾರ್, ಬಾಯಿಗೆ ಅದೇ ಬರ್ತದೆ" ಎಂದಳು. ಎಲ್ಲರೂ ನಕ್ಕೆವು.

ಅವತ್ತೇ ನನಗೆ ಅವರಿಬ್ಬರ ಚಹಾದ ಕಟ್ಟಳೆ ಗೊತ್ತಾದದ್ದು. ಪ್ರತಿ ಸಲ ಇಳಿದ ಮೇಲೆ ಯಂತ್ರವನ್ನು ಒಪ್ಪಿಸಿ, ಗೇಟಿನಾಚೆಯ ತಟ್ಟುಕಡಕ್ಕೆ ಹೋಗುತ್ತಾರೆ. ತಟ್ಟುಕಡ ಎಂದರೆ ಇಲ್ಲಿಯ ರಸ್ತೆ ಬದಿಯ ಗೂಡಂಗಡಿ. ಚಹಾದ ಲೋಟ ಕೈಗೆ ಬಂದ ಮೇಲೆ, ಮೊದಲ ಗುಟುಕಿಗೆ ಮುಂಚೆ, ಆ ದಿನದ ತನ್ನ ತಪ್ಪನ್ನು ಒಬ್ಬೊಬ್ಬರೂ ಹೇಳಬೇಕು. ಚಿಕ್ಕದಿರಲಿ, ದೊಡ್ಡದಿರಲಿ. ತನ್ನದನ್ನು ಮಾತ್ರ. ಇನ್ನೊಬ್ಬರ ತಪ್ಪು ಕಣ್ಣಿಗೆ ಹೊಡೆದು ಕಂಡಿದ್ದರೂ ಅವರು ತಾವಾಗಿ ಹೇಳುವ ತನಕ ಬಾಯಿ ಬಿಡಬಾರದು. ಇವರು ಸೇವೆಯಲ್ಲಿದ್ದಾಗ ಒಬ್ಬ ಹಿರಿಯ ಅಧಿಕಾರಿ ಎಲ್ಲರೆದುರು ಕಿರಿಯರ ತಪ್ಪು ಎತ್ತಿ ಆಡಿ ಆಡಿ, ಕೊನೆಗೆ ಎಲ್ಲರೂ ಏನನ್ನೂ ಹೇಳದೆ ಮುಚ್ಚಿಡುವುದನ್ನು ಕಲಿತರಂತೆ. ಅದನ್ನು ನೋಡಿ ಇವರು ಮಾಡಿಕೊಂಡ ಕಟ್ಟಳೆ ಅದು.

"ಸಾರಿನ ಚಾಯ ಯಾವಾಗ್ಲೂ ಆರಿ ಹೋಗ್ತದೆ ಆಂಟಿ. ಸಾರಿನ ತಪ್ಪು ಅಷ್ಟು ಉದ್ದ ಉಂಟು" ಎಂದಳು ಹುಡುಗಿ. ಇವರು ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಅಪಘಾತವಾದ ದಿನ ನಾನು ಬ್ಯಾಂಕಿನಲ್ಲಿದ್ದೆ. ಊಟದ ಡಬ್ಬಿ ತೆರೆಯುವ ಹೊತ್ತಿಗೆ ಕಂಪನಿಯಿಂದ ಫೋನು ಬಂತು. "ಸಣ್ಣ ಅಪಘಾತ, ಗಾಬರಿ ಬೇಡ" ಎಂದರು. ಸಣ್ಣ ಅಪಘಾತಕ್ಕೆ ಯಾರೂ ಫೋನು ಮಾಡುವುದಿಲ್ಲ ಎಂಬುದು ಪೈಲಟ್‌ನ ಹೆಂಡತಿಗೆ ಗೊತ್ತಿರುತ್ತದೆ. ಜೊತೆಯವರು ನನ್ನನ್ನು ಸ್ಟೇಷನ್ನಿಗೆ ಕರೆದೊಯ್ದು ರೈಲು ಹತ್ತಿಸಿದರು. ದಾರಿಯಲ್ಲಿ ಎದುರು ಸೀಟಿನವನ ಮೊಬೈಲಿನಲ್ಲಿ ಆ ವಿಡಿಯೋ ಓಡುತ್ತಿತ್ತು. ಕಡಲ ಹತ್ತಿರದ ಒಂದು ಮೈದಾನ, ಮದುವೆಯ ಜೋಡಿಯನ್ನು ಕರೆದೊಯ್ಯಲು ಇಳಿಯುತ್ತಿರುವ ಹೆಲಿಕಾಪ್ಟರ್, ಬಾಗಿದ ತೆಂಗಿನ ಮರಗಳು. ನೆಲಕ್ಕೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಅದು ಗರಗರ ತಿರುಗಿತು. ಬಾಲ ಕಾಂಪೌಂಡಿಗೆ ಬಡಿಯಿತು. ಎಡಕ್ಕೆ ವಾಲಿ ಬಿತ್ತು. ಅವನು ಅದನ್ನು ಮತ್ತೆ ಮೊದಲಿನಿಂದ ಹಾಕಿದ. ಆ ಮೊಬೈಲನ್ನು ಕಿತ್ತು ಕಿಟಕಿಯಾಚೆ ಎಸೆಯಬೇಕು ಎನ್ನಿಸಿತು. ಎದ್ದು ಹೋಗಿ ಬಾಗಿಲ ಹತ್ತಿರ ನಿಂತೆ.

ಇಬ್ಬರನ್ನೂ ಉಳ್ಳೂರಿನ ಹತ್ತಿರದ ಆಸ್ಪತ್ರೆಗೆ ಸೇರಿಸಿದ್ದರು. ಇವರಿಗೆ ಎಡಗಾಲಿನ ಮೂಳೆ ಮುರಿದಿತ್ತು, ಪಕ್ಕೆಲುಬುಗಳು ಬಿರುಕು ಬಿಟ್ಟಿದ್ದವು, ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ಇರಲಿಲ್ಲ. ಎಡಗಡೆ ಕೂತಿದ್ದವಳು ಅವಳು. ಬಿದ್ದದ್ದೂ ಎಡಕ್ಕೆ.

ಹೊರಗಿನ ಬೆಂಚಿನ ಮೇಲೆ ಅವಳ ತಾಯಿ ಕೂತಿದ್ದರು. ಮೊದಲ ಸಲ ನೋಡಿದ್ದು. ನಾನು ಪಕ್ಕದಲ್ಲಿ ಕೂತೆ. ಆಪರೇಷನ್ನಿಗೆ ಮೊದಲು ಹುಡುಗಿಗೆ ಸ್ವಲ್ಪ ಹೊತ್ತು ಎಚ್ಚರವಾಯಿತು. ತಾಯಿಯನ್ನು ಮಾತ್ರ ಒಳಗೆ ಬಿಟ್ಟರು. ಹೊರಗೆ ಬಂದಾಗ ಅವರ ಮುಖದಲ್ಲಿ ಏನಿತ್ತೋ ನನಗೆ ಓದಲಾಗಲಿಲ್ಲ. "ಮಾತಾಡಿದ್ಲು" ಎಂದರು. ಆಮೇಲೆ, "ನಿಮ್ಮವರು ಏನಾದ್ರೂ ಹೇಳಿದ್ರಾ?" ಎಂದು ಕೇಳಿದರು. ಇಲ್ಲ, ಇನ್ನೂ ಪ್ರಜ್ಞೆಯೇ ಬಂದಿಲ್ಲ ಎಂದೆ. ಮನೆ ಹತ್ತಿರವೇ ಇದ್ದುದರಿಂದ ಆ ಸಂಜೆ ಅವರು ಹೋಗಿ ನನಗೂ ಸೇರಿಸಿ ಗಂಜಿ, ಚಟ್ನಿ ತಂದಿದ್ದರು. ನಾನು ಉಂಡೆ. ಅವರು ಉಂಡರೋ ಇಲ್ಲವೋ ನೋಡಲಿಲ್ಲ.

ಆಪರೇಷನ್ ಆದ ಮೇಲೆ ಹುಡುಗಿ ಮತ್ತೆ ಕಣ್ಣು ತೆರೆಯಲಿಲ್ಲ. ಮರುದಿನ ಹೋದಳು.

ಇವರಿಗೆ ಎಚ್ಚರವಾದ ಮೇಲೆ ಮೊದಲು ಕೇಳಿದ್ದು ಅವಳನ್ನೇ. ಡಾಕ್ಟರು ಈಗಲೇ ಹೇಳಬೇಡಿ ಎಂದಿದ್ದರು, ಆದರೆ ನನ್ನ ಮುಖ ಸುಳ್ಳು ಹೇಳಲು ಬರುವ ಮುಖವಲ್ಲ. ನೋಡಿದವರೇ ಗೋಡೆಯ ಕಡೆ ತಿರುಗಿಕೊಂಡರು. ಅವರಿಗೆ ನೆನಪಿದ್ದದ್ದು ತೆಂಗಿನ ಮರಗಳು ಇದ್ದಕ್ಕಿದ್ದಂತೆ ಬಾಗಿದ್ದಷ್ಟೇ. ಅದರಾಚೆಗೆ ಆಸ್ಪತ್ರೆಯ ಸೂರು. ನಡುವೆ ಏನೂ ಇಲ್ಲ. ಪೆಟ್ಟು ಬಿದ್ದವರಿಗೆ ಹೀಗಾಗುವುದುಂಟು, ನೆನಪು ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು.

ಪಾಲಾರಿವಟ್ಟದ ಮನೆಗೆ ಕರೆತಂದೆ. ವಿಚಾರಣೆಯವರು ಬಂದು ಕೇಳಿ ಹೋದರು. ಅದು ಚಿಕ್ಕ ಯಂತ್ರ, ಒಳಗಿನ ಮಾತು ಮುದ್ರಿಸಿಕೊಳ್ಳುವ ಪೆಟ್ಟಿಗೆ ಅದರಲ್ಲಿರಲಿಲ್ಲ. ಯಂತ್ರದಲ್ಲಿ ದೋಷವಿಲ್ಲ, ಗಾಳಿಯ ಹೊಡೆತಕ್ಕೆ ಪೈಲಟ್ ತಪ್ಪು ಪೆಡಲ್ ಒತ್ತಿರುವ ಸಾಧ್ಯತೆ ಹೆಚ್ಚು ಎಂಬಷ್ಟು ಅವರಿಗೆ ತಿಳಿದಿತ್ತು. ಎರಡೂ ಸೀಟಿನ ಮುಂದೆ ಪೆಡಲುಗಳಿರುತ್ತವೆ. ಒತ್ತಿದ ಕಾಲು ಯಾರದು ಎಂದು ಹೇಳಬಲ್ಲವರು ಇಬ್ಬರೇ. ಒಬ್ಬಳು ಇಲ್ಲ, ಇನ್ನೊಬ್ಬರಿಗೆ ನೆನಪಿಲ್ಲ.

ಊರಿಗೆ ಮಾತ್ರ ಎಲ್ಲ ತಿಳಿದುಹೋಗಿತ್ತು. ಅಷ್ಟು ಅನುಭವದವರು ತಪ್ಪು ಮಾಡುತ್ತಾರೆಯೇ, ಹುಡುಗಿಯೇ ಇಳಿಸುತ್ತಿದ್ದಿರಬೇಕು ಎಂದರು. ಟೀವಿಯವರು ಅವಳ ನಗುವ ಫೋಟೋ ಹಾಕಿ ಪೈಲಟ್ ದೋಷ, ಪೈಲಟ್ ದೋಷ ಎಂದು ಕೂಗಿದರು. ಕಂಪನಿಯ ಒಬ್ಬ ಮನುಷ್ಯ ಹಣ್ಣಿನ ಬುಟ್ಟಿ ಹಿಡಿದು ಬಂದು ನಮ್ಮ ಸೋಫಾದಲ್ಲಿ ಕೂತು, "ಹೊಸಬರಿಗೆ ಒಮ್ಮೊಮ್ಮೆ ಇಳಿಸಲು ಕೊಡುವುದಿದೆಯಲ್ಲ ಸಾರ್, ಆ ದಿನವೂ ಕೊಟ್ಟಿರಬಹುದು. ನೆನಪಿಲ್ಲದಿದ್ದರೆ ನೆನಪಿಲ್ಲ ಎಂದರೆ ಸಾಕು" ಎಂದ. ಅವನು ಹೋದ ಮೇಲೆ ಆ ಹಣ್ಣನ್ನು ನಾನು ಮನೆಯೊಳಗೆ ಇಡಲಿಲ್ಲ. ಕನ್ನಡಿಗರ ಯುಗಾದಿ ಕೂಟದಲ್ಲಿ ಮೈಸೂರು ಕಡೆಯವರೊಬ್ಬರು ನನ್ನ ಪಕ್ಕ ಊಟಕ್ಕೆ ಕೂತು, "ಹುಡುಗಿ ಕೈಗೆ ಯಾಕ್ ಕೊಟ್ರು ಮೇಡಂ? ಹೆಣ್ಮಕ್ಳಿಗೆ ಇದೆಲ್ಲ ಆಗುತ್ತಾ?" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. "ನಿಮಗ ಸ್ಕೂಟರ್ ಸ್ಟ್ಯಾಂಡ್ ಹಾಕಾಕ ಬರಂಗಿಲ್ಲ, ಹೋದ ವರ್ಷ ಗೇಟಿನ್ಯಾಗ ಬಿದ್ದಿದ್ರಿ. ಅವತ್ತು ಯಾವ ಹೆಣ್ಮಗಳು ಓಡಸಾಕತ್ತಿದ್ಲು?" ಎಂದೆ. ಅವರು ಹೋಳಿಗೆ ಬಿಟ್ಟು ಎದ್ದರು.

ಆದರೆ ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ನನಗೂ ಭಯ. ಗಂಡ ಉಳಿದಿದ್ದರು. ಅದಕ್ಕಿಂತ ಹೆಚ್ಚಿನದೇನನ್ನೂ ತಿಳಿದುಕೊಳ್ಳುವ ಆಸೆ ನನಗಿರಲಿಲ್ಲ. ಹುಡುಗಿಯ ತಾಯಿ ಆಗಾಗ ಫೋನು ಮಾಡುತ್ತಿದ್ದರು. ಕಾಲು ಹೇಗುಂಟು, ಊಟ ಸೇರ್ತದಾ ಎಂದು ಕೇಳಿ, ಕೊನೆಗೆ ತಪ್ಪದೆ, "ನೆನಪು ಬಂತಾ?" ಎನ್ನುತ್ತಿದ್ದರು. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಮಗಳ ಹೆಸರು ಕೆಟ್ಟಿದೆ, ಅದನ್ನು ತೊಳೆಯಲು ಇವರ ಬಾಯಿಯಿಂದ ಒಂದು ಮಾತು ಬರಲಿ ಎಂದು ಕಾಯುತ್ತಿದ್ದಾರೆ ಎಂದುಕೊಂಡೆ. ಬರಬರುತ್ತ ಅವರ ಫೋನು ಎತ್ತುವುದಕ್ಕೆ ಎದೆ ಬಾರದಾಯಿತು.

ಇವರು ಚಹಾ ಬಿಟ್ಟಿದ್ದರು. ಔಷಧಿಯ ಕಹಿಗೆ ಬಾಯಿ ಕೆಟ್ಟಿರಬೇಕು ಎಂದುಕೊಂಡು ನಾನು ಬಿಸಿನೀರು ಕೊಡುತ್ತಿದ್ದೆ.

ಪ್ಲಾಸ್ಟರ್ ತೆಗೆದ ಮೇಲೆ ಕಾಲಿನ ವ್ಯಾಯಾಮಕ್ಕೆ ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ಯುತ್ತಿದ್ದೆ. ಫಿಸಿಯೋಥೆರಪಿಯ ಹುಡುಗಿ ಇವರನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಎರಡು ಪಾದಗಳ ಕೆಳಗೂ ಸ್ಪ್ರಿಂಗಿನ ಹಲಗೆ ಇಟ್ಟು, ಎಡಗಾಲು ಒತ್ತಿ, ಬಿಡಿ, ಒತ್ತಿ, ಬಿಡಿ ಎನ್ನುತ್ತಿದ್ದಳು. ಮುರಿದ ಕಾಲಿಗೆ ಬಲ ಬರಬೇಕಲ್ಲ. ಇವರು ಹೇಳಿದಂತೆ ಒತ್ತುತ್ತಿದ್ದರು, ಮುಖ ಕಿವುಚಿಕೊಂಡು. ನಾನು ಮೂಲೆಯ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದೆ.

ಒಂದು ಬೆಳಿಗ್ಗೆ ಅವಳು "ಒತ್ತಿ" ಎನ್ನುವುದಕ್ಕೂ ಪಕ್ಕದ ಕೋಣೆಯಲ್ಲಿ ಉಪಕರಣಗಳ ಸ್ಟೀಲ್ ತಟ್ಟೆ ನೆಲಕ್ಕೆ ಬಿದ್ದು ಢಣಾರನೆ ಸದ್ದಾಗುವುದಕ್ಕೂ ಸರಿಹೋಯಿತು. ಇವರ ಬಲಗಾಲು ಹಲಗೆಯನ್ನು ಎಷ್ಟು ಜೋರಾಗಿ ತುಳಿಯಿತೆಂದರೆ ಸ್ಟೂಲು ವಾಲಿ, ಮಗ್ಗುಲಿಗೆ ಬಿದ್ದರು. ಆ ಹುಡುಗಿ ಓಡಿ ಬಂದಳು, ನಾನೂ ಓಡಿದೆ. ಪೆಟ್ಟಾಗಿರಲಿಲ್ಲ. ಎಬ್ಬಿಸಲು ಹೋದರೆ ಏಳಲಿಲ್ಲ. ನೆಲದ ಮೇಲೆ ಕೂತು ತಮ್ಮ ಬಲಪಾದವನ್ನೇ ನೋಡುತ್ತಿದ್ದರು.

"ರೀ, ಏನಾತು?" ಎಂದೆ.

"ಬಲಗಾಲು" ಎಂದರು. ಅಷ್ಟೇ ಹೇಳಿದ್ದು.

ಮನೆಗೆ ಬಂದು ಮಂಚದ ಅಂಚಿಗೆ ಕೂತು ಹೇಳಿದರು. ತೆಂಗಿನ ಮರ ಬಾಗಿದ ಮೇಲೆ ಇದ್ದ ಕತ್ತಲೆಯೆಲ್ಲ ಒಮ್ಮೆಗೇ ತೆರೆದುಕೊಂಡಿತ್ತು. "ಗಾಳಿ ಹಿಂದಿಂದ ಬಂದು ಹೊಡೀತು. ಮಶೀನ್ ಕುಸೀತು. ನಾ ಲಿವರ್ ಮ್ಯಾಲೆ ಎಳದೆ. ಮೂತಿ ಬಲಕ್ಕ ಹೊಳ್ಳಿತು. ಎಡಗಾಲು ಒತ್ತಬೇಕಿತ್ತು. ಹೆದರಿದ ಕೂಡ್ಲೆ ಹಳೇ ಕಾಲು ಬಂತು. ಬಲಗಾಲು ಒತ್ತೀನಿ ನಾ, ಪೂರಾ. ತಿರುಗೂ ಮಶೀನನ್ನ ಮತ್ತಷ್ಟು ತಿರುಗಿಸೀನಿ." ಸ್ವಲ್ಪ ತಡೆದು, "ಆಕಿ ಕೈ ಎರಡೂ ತೊಡಿ ಮ್ಯಾಲಿದ್ವು. ಕಾಲು ಹಿಂದಕ್ಕ ಎಳಕೊಂಡು ಕೂತಿದ್ಲು. ಆಕಿ ಏನೂ ಮುಟ್ಟಿಲ್ಲ" ಎಂದರು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. ಆ ಸ್ಟೀಲ್ ತಟ್ಟೆ ಕೆಡವಿದವರ ಮೇಲೆ ಇರಬಹುದು. "ನೆನಪಾಗದಿದ್ರ ಯಾರ ಗಂಟು ಹೋಗ್ತಿತ್ರೀ?" ಎಂದು ಕೂಗಿದೆ. ಕೂಗಿದ ಮೇಲೆ ಆ ಹುಡುಗಿ ರೊಟ್ಟಿ ಮುರಿದದ್ದು ಕಣ್ಣ ಮುಂದೆ ಬಂದು ಅಳು ತಡೆಯಲಾಗಲಿಲ್ಲ. ಅವರೂ ಅತ್ತರು. ಮದುವೆಯಾದಂದಿನಿಂದ ಅವರು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆ ವಾರವೇ ವಿಚಾರಣೆಯವರ ಮುಂದೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದರು. ಇನ್ನು ಹಾರುವ ಮಾತಿಲ್ಲ ಎಂಬುದು ಅವರಿಗೆ ಹೋಗುವಾಗಲೇ ಗೊತ್ತಿತ್ತು. ಕಂಪನಿಯ ಫೋನುಗಳು ನಿಂತವು. ಅದು ಪತ್ರಿಕೆಗಳಿಗೆ ಹೋಗುವ ಮೊದಲು ತಾಯಿಗೆ ತಾವೇ ಹೇಳಬೇಕೆಂದು ಹಟ ಹಿಡಿದರು. ಫೋನಿನಲ್ಲಿ ಹೇಳಿ ಎಂದೆ. "ಇಂಥಾದ್ದನ್ನ ಫೋನಿನ್ಯಾಗ ಹೇಳ್ತಾರೇನು?" ಎಂದರು. ಊರುಗೋಲು ಹಿಡಿಸಿ ರೈಲಿನಲ್ಲಿ ಕರೆದುಕೊಂಡು ಹೋದೆ.

ಉಳ್ಳೂರಿನ ಆ ಮನೆ ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ. ಬಾಗಿಲು ತೆರೆದವರು ನಮ್ಮನ್ನು ನೋಡಿ ಬನ್ನಿ ಎಂದಷ್ಟೇ ಅಂದರು. ಗೋಡೆಯ ಮೇಲೆ ಹುಡುಗಿಯ ಫೋಟೋ ಇತ್ತು, ಬಿಳಿ ಅಂಗಿ, ಭುಜದ ಮೇಲೆ ಪಟ್ಟಿ. ಇವರು ಕೂರಲಿಲ್ಲ. ಊರುಗೋಲಿನ ಮೇಲೆ ಭಾರ ಹಾಕಿ ನಿಂತೇ ಹೇಳಿದರು.

"ಅಮ್ಮಾರ, ಅವತ್ತು ಮಶೀನ್ ನನ್ನ ಕೈಯಾಗಿತ್ತು. ನನ್ನ ಕಾಲು ತಪ್ಪಿತು. ಬಲಗಾಲು ಒತ್ತಿಬಿಟ್ಟೆ. ನಿಮ್ಮ ಮಗಳದು ಏನೇನೂ ತಪ್ಪಿಲ್ಲ. ಆಕಿ ಏನೂ ಮುಟ್ಟಿರಲಿಲ್ಲ."

ತಾಯಿ ಇವರ ಮುಖ ನೋಡಿದರು, ಫೋಟೋ ನೋಡಿದರು, ತಿರುಗಿ ಒಳಗೆ ಹೋದರು. ಒಳಗೆ ಪಾತ್ರೆ ಸದ್ದಾಯಿತು, ನಲ್ಲಿ ಬಿಟ್ಟ ಸದ್ದಾಯಿತು. ನಮ್ಮ ಮುಖ ನೋಡುವುದಕ್ಕೂ ಅವರಿಗೆ ಆಗುತ್ತಿಲ್ಲ ಎಂದುಕೊಂಡೆ. ನ್ಯಾಯವೇ. ಹೋಗೋಣ ಎಂದು ಇವರ ತೋಳು ಹಿಡಿದೆ. ಇವರು ಅಲ್ಲಾಡಲಿಲ್ಲ.

ತಾಯಿ ಹೊರಗೆ ಬಂದದ್ದು ಮೂರು ಲೋಟ ಚಹಾ ಹಿಡಿದುಕೊಂಡು. ಒಂದನ್ನು ಇವರ ಮುಂದಿನ ಮೇಜಿನ ಮೇಲಿಟ್ಟರು.

"ಕೂತ್ಕೊಳ್ಳಿ. ಇನ್ನು ಕುಡೀಬಹುದು ನೀವು" ಎಂದರು.

ಇವರು ಕುಸಿದು ಕೂತರು. ತಾಯಿ ತಮ್ಮ ಲೋಟವನ್ನು ಮಡಿಲಲ್ಲಿ ಹಿಡಿದುಕೊಂಡು ಮೆಲ್ಲಗೆ ಹೇಳಿದರು. "ನಂಗೆ ಗೊತ್ತಿತ್ತು. ಆಪರೇಷನ್ನಿಗೆ ಮುಂಚೆ ಅವಳೇ ಹೇಳಿದ್ಲು, ಸಾರಿನ ಕಾಲು ತಪ್ಪಿದ್ದು ಅಂತ. ಯಾರಿಗೂ ಹೇಳ್ಬೇಡ ಅಮ್ಮ, ಸಾರ್ ಹೇಳುವ ಮೊದಲು ನಾವು ಹೇಳ್ಬಾರ್ದು, ಚಾಯ ಕುಡಿಯುವಾಗ ಸಾರ್ ಹೇಳ್ತಾರೆ ಅಂದ್ಲು. ಆಸ್ಪತ್ರೆಯಿಂದ ವಾಪಸ್ ಹೋಗಿ ಚಾಯ ಕುಡೀತೇವೆ ಅಂತ್ಲೇ ಇತ್ತು ಅವಳ ಲೆಕ್ಕ." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ಜನ ಎಂತೆಂತ ಹೇಳಿದ್ರು. ಟೀವಿಯವರು ಇದೇ ಬಾಗಿಲಿಗೆ ಬಂದು ಕೇಳಿದ್ರು. ಬಾಯಿ ಮುಚ್ಚಿ ಕೂತೆ. ನೆನಪು ಬಂತಾ ಅಂತ ನಿಮ್ಮ ಹತ್ರ ಮಾತ್ರ ಕೇಳ್ತಾ ಇದ್ದೆ."

ನನಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಎತ್ತದೆ ಬಿಟ್ಟ ಆ ಫೋನುಗಳೆಲ್ಲ ಕಿವಿಯಲ್ಲಿ ಮತ್ತೆ ಬಡಿದುಕೊಂಡವು. ಇವರು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು.

"ಅವಳದ್ದೂ ಒಂದು ಉಂಟು" ಎಂದರು ತಾಯಿ. "ಅವಳ ತಪ್ಪು. ನಂಗೆ ಹೇಳ್ಲಿಕ್ಕೆ ಆಗದಿದ್ರೆ, ಸಾರ್ ಹೇಳಿದ ಮೇಲೆ ಇದನ್ನೂ ನೀನು ಹೇಳು ಅಂದಿದ್ಲು."

ಇವರು ಮುಖದಿಂದ ಕೈ ತೆಗೆದರು.

"ಸಾರಿನ ಬಲಗಾಲು ಒತ್ತಿದ್ದು ಅವಳು ನೋಡಿದ್ಲಂತೆ. ಲೆಫ್ಟ್ ಅಂತ ಕೂಗ್ಬೇಕಿತ್ತಂತೆ. ಬಾಯಿಗೆ ಬಂದದ್ದು ಸಾರ್ ಅಂತ. ಎರಡು ಸಲವೂ ಸಾರ್ ಅಂತ್ಲೇ ಬಂತಂತೆ. ಅಷ್ಟರಲ್ಲಿ ಮುಗೀತು." ಅವರು ಲೋಟದೊಳಗೆ ನೋಡುತ್ತ, "ಅದು ನಾನು ಕಲಿಸಿದ್ದು. ದೊಡ್ಡವರನ್ನು ಬರೀ ಮಾತಿನಲ್ಲಿ ಕರೀಬಾರ್ದು, ಮೊದಲು ಸಾರ್ ಅನ್ಬೇಕು ಅಂತ ಸಣ್ಣದಿರುವಾಗ ಕಿವಿ ಹಿಂಡಿ ಕಲಿಸಿದ್ದು" ಎಂದರು.

"ಕೇಳಿಸಿತ್ರೀ ನನಗ" ಎಂದರು ಇವರು. "ಎರಡೂ ಸಲ ಕೇಳಿಸಿತ್ತು."

ಇವರು ಲೋಟ ಎತ್ತಿ ಕುಡಿದರು. ಅಷ್ಟು ತಿಂಗಳ ಮೇಲೆ ಮೊದಲ ಚಹಾ. ಆರಿ ತಣ್ಣಗಾಗಿತ್ತು, ಮೇಲೆ ಕೆನೆ ಕಟ್ಟಿತ್ತು. ಕೆನೆಯನ್ನೂ ಬಿಡದೆ ಕುಡಿದು ಲೋಟ ಕೆಳಗಿಟ್ಟರು. ತಾಯಿ ಅದನ್ನು ತೆಗೆದುಕೊಂಡು ಹೋಗಿ ತೊಳೆದಿಟ್ಟು ಬಂದರು. ಹೊರಡುವಾಗ ನನ್ನ ಕೈ ಹಿಡಿದು, ಫೋನು ಮಾಡಿದರೆ ಎತ್ತಿ ಎಂದರು. ನಾನು ತಲೆಯಾಡಿಸಿದೆ.

ಮುಖ್ಯರಸ್ತೆಗೆ ಬಂದು ಬಿಸಿಲಿನಲ್ಲಿ ನಿಂತೆವು. ಆಟೋ ಒಂದು ನಿಧಾನ ಮಾಡುತ್ತ ಪಕ್ಕಕ್ಕೆ ಬಂತು. ಡ್ರೈವರ್ ತಲೆ ಹೊರಗೆ ಹಾಕಿ ಇವರನ್ನು ಕೂಗಿದ.

"ಸಾರೇ!"

ಊರುಗೋಲು ಇವರ ಕೈಯಿಂದ ಜಾರಿತು. ಹಿಡಿಯಲು ಬಗ್ಗಿದ ನನಗೆ ಕಂಡದ್ದು ಅವರ ಎಡಪಾದ. ಮುರಿದು ಕೂಡಿಸಿದ, ಇನ್ನೂ ಬಲ ಬಾರದ ಆ ಕಾಲು ರಸ್ತೆಯನ್ನು ಒತ್ತಿ ಹಿಡಿದಿತ್ತು. ಆಟೋದವನು ಎಲ್ಲಿಗೆ ಎಂದು ಎರಡನೆಯ ಸಲ ಕೇಳುವವರೆಗೂ ಅದು ಸಡಿಲವಾಗಲಿಲ್ಲ.